ಎಲ್ಲಾ ಒಮ್ಮೆಗೇ ಬರೆದುಕೊಡಬೇಡಿ, ಮಾಸ್ತರೇ

ಪ್ರಶ್ನೆ: ಸಿಂಧನೂರು ತಾಲ್ಲೂಕಿನವನು, ವಯಸ್ಸು 68, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅಜ್ಜನ ಕಾಲದಿಂದ ಬಂದು, ಅಣ್ಣತಮ್ಮಂದಿರ ವಾಟ್ನಿಯಲ್ಲಿ ನನ್ನ ಪಾಲಿಗೆ ಸಿಕ್ಕ 5 ಎಕರೆ ಕಾಲುವೆ ಜಮೀನಿದೆ. ಸಂಬಳದಲ್ಲಿ ಕೊಂಡ 3 ಎಕರೆ, ಕಟ್ಟಿಸಿದ ಮನೆ ಬೇರೆ. ಊರಲ್ಲಿ ಭತ್ತ ಬೆಳೆಯುವ ದೊಡ್ಡ ಮಗ ‘ಎಲ್ಲಾ ಈಗಲೇ ಹೆಸರಿಗೆ ಮಾಡಿಕೊಡ್ರಿ’ ಅನ್ನುತ್ತಾನೆ. ಬೆಂಗಳೂರಿನ ಸಣ್ಣ ಮಗ ‘ಮಾರಿ ನಮ್ಮ ಹತ್ರ ಬಂದುಬಿಡ್ರಿ’ ಅನ್ನುತ್ತಾನೆ. ಮಗಳನ್ನು ಕೊಪ್ಪಳಕ್ಕೆ ಕೊಟ್ಟಿದ್ದೇವೆ. ಪಿಂಚಣಿಯ ಎಟಿಎಂ ಕಾರ್ಡು ದೊಡ್ಡವನ ಕೈಯಲ್ಲಿದೆ. ಕಟ್ಟೆಯವರು ‘ಹಂಚಿಬಿಟ್ಟು ಆರಾಮಿರ್ರಿ’ ಅನ್ನುತ್ತಾರೆ. ರಾತ್ರಿ ಮೂರಕ್ಕೇ ಎಚ್ಚರವಾಗುತ್ತದೆ. ಏನು ಮಾಡಲಿ?

ಉತ್ತರ: ಮಾಸ್ತರೇ, ನಿಮ್ಮ ಪತ್ರದಲ್ಲಿ ಜಮೀನಿನ ವಿಷಯವೇ ಹೆಚ್ಚು. ನಮಗೆ ಮೊದಲು ಕಂಡದ್ದು ಕೊನೆಯಲ್ಲಿ ಬರೆದ ರಾತ್ರಿ ಮೂರು ಗಂಟೆ. ಜೊತೆಗಿದ್ದವರು ಹೋದ ಮೇಲೆ ಹದಿನಾಲ್ಕು ತಿಂಗಳು ಬಹಳ ದಿನವೇನಲ್ಲ. ಈ ಹೊತ್ತಿನಲ್ಲಿ ‘ಸಾಕಪ್ಪಾ, ಮುಗಿಸಿಬಿಡೋಣ’ ಅನ್ನಿಸುವುದು ಸಹಜ. ಅದಕ್ಕೇ, ಹಿಂದಕ್ಕೆ ಪಡೆಯಲಾಗದ ಯಾವ ಕಾಗದಕ್ಕೂ ಈಗ ಸಹಿ ಹಾಕಬೇಡಿ. ಕೊಡಲೇಬೇಡಿ ಎಂದು ಹೇಳುತ್ತಿಲ್ಲ. ಯಾವುದನ್ನು ಈಗ ಕೊಡಬೇಕು, ಯಾವುದನ್ನು ಕೈಯಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ಬೇರೆ ಮಾಡಿಕೊಳ್ಳಿ.

ದೊಡ್ಡ ಮಗನ ಒತ್ತಾಯವನ್ನು ಬರೀ ದುರಾಸೆ ಎಂದು ತಿಳಿಯಬೇಡಿ. ಪಹಣಿ ತನ್ನ ಹೆಸರಲ್ಲಿಲ್ಲದ ರೈತನಿಗೆ ಬೆಳೆ ಸಾಲ, ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ) ಗುರುತಿನ ಸಂಖ್ಯೆ, ಬೆಂಬಲ ಬೆಲೆಯ ನೋಂದಣಿ ಯಾವುದೂ ಸಲೀಸಲ್ಲ. ಕೆಸರಲ್ಲಿ ಇಳಿಯುವವನು ಅವನು, ಕಾಗದ ನಿಮ್ಮದು. ಅವನ ಕಷ್ಟ ನಿಜವಾದದ್ದು. ಆದರೆ ಅದಕ್ಕೆ ಪರಿಹಾರ ಆ 5 ಎಕರೆಯಲ್ಲೇ ಇದೆ. ಉಳಿದದ್ದನ್ನು ಮುಟ್ಟಬೇಕಿಲ್ಲ.

ಆ 5 ಎಕರೆ ಪಿತ್ರಾರ್ಜಿತ. ಮಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಇಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ಮದುವೆಯಾಗಿದ್ದರೂ. ಹಾಗಾಗಿ ನೀವು, ಇಬ್ಬರು ಗಂಡುಮಕ್ಕಳು, ಮಗಳು ಎಂದು ನಾಲ್ಕು ಪಾಲು: ತಲೆಗೆ 1 ಎಕರೆ 10 ಗುಂಟೆ. ಆಕೆ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಹಾಗಿದ್ದರೂ ಅದು ನೋಂದಣಿಯಾದ ಹಕ್ಕುಬಿಡುಗಡೆ ಪತ್ರದಲ್ಲಿ ಆಗಲಿ. ‘ಮದುವೆಯಲ್ಲಿ ಕೊಟ್ಟಾಯಿತು’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಕೆಯನ್ನು ಬಿಟ್ಟು ವಾಟ್ನಿ ಮಾಡಿದರೆ ವ್ಯಾಜ್ಯವನ್ನು ನೀವೇ ಮಕ್ಕಳ ಕೈಗೆ ಕೊಟ್ಟಂತೆ.

ಬಾಯಿಮಾತಿನ ವಾಟ್ನಿಯಂತೂ ಬೇಡ. ಮೊದಲು ಅಳತೆಗೆ ಅರ್ಜಿ ಹಾಕಿ ಪಾಲುಗಳನ್ನು ಬೇರೆ ಬೇರೆ ತೋರಿಸುವ 11-ಇ ನಕ್ಷೆ ಮಾಡಿಸಿ, ಆಮೇಲೆ ವಿಭಾಗ ಪತ್ರ ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬೇರೆಯಾಗುವ ತನಕ ಬೆನ್ನುಬೀಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಹೊಲಗಳಲ್ಲಿ ಜಗಳ ಹುಟ್ಟುವುದು ಎಕರೆಗಿಂತ ಹೆಚ್ಚಾಗಿ ನೀರಿಗೆ. ತೂಬಿನ ಹತ್ತಿರದ ಪಾಲಿನವನು ಒಡ್ಡು ಕಟ್ಟಿಬಿಟ್ಟರೆ ಕೆಳಗಿನವನ ಮಡಿ ಒಣಗುತ್ತದೆ. ಹೊಲಗಾಲುವೆ ಯಾರ ಪಾಲಿನೊಳಗೆ ಹಾದುಹೋಗಬೇಕು, ಬಂಡಿದಾರಿ ಎಷ್ಟು ಅಗಲ, ಇವೆರಡನ್ನೂ ಪತ್ರದಲ್ಲೇ ಬರೆಸಿ.

ನೀವು ಕೊಂಡ 3 ಎಕರೆ ಮತ್ತು ಮನೆ ನಿಮ್ಮ ಸ್ವಯಾರ್ಜಿತ. ನೀವಿರುವಾಗ ಅದರಲ್ಲಿ ಪಾಲು ಕೇಳುವ ಹಕ್ಕು ಯಾರಿಗೂ ಇಲ್ಲ. ಇದಕ್ಕೆ ದಾನಪತ್ರ ಬೇಡ, ಮೃತ್ಯುಪತ್ರ ಸಾಕು. ದಾನಪತ್ರ ನೋಂದಣಿಯಾದರೆ ಆಸ್ತಿ ಆವತ್ತೇ ಕೈಬಿಟ್ಟಿತು. ಮೃತ್ಯುಪತ್ರವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ಏನೇ ಆದರೂ ದಾನವನ್ನೇ ಮಾಡುತ್ತೇನೆ ಎಂದರೆ, ‘ನನ್ನ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದೊಳಗೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ಷರತ್ತಿಲ್ಲದ ಪತ್ರ ಹಿಡಿದು ಅಲೆಯುವುದು ಬಹಳ ಕಷ್ಟ. ಉಚಿತ ಕಾನೂನು ಸಲಹೆಗೆ 15100, ಹಿರಿಯರ ಸಹಾಯವಾಣಿ 14567.

ಎಟಿಎಂ ಕಾರ್ಡನ್ನು ಈ ವಾರವೇ ಹಿಂದಕ್ಕೆ ತೆಗೆದುಕೊಳ್ಳಿ. ಜಗಳ ಬೇಡ, ‘ನಾನೇ ಬ್ಯಾಂಕಿಗೆ ಹೋಗಿಬರ್ತೀನಿ, ಕಾಲಾಡಿದಂಗಾಗುತ್ತೆ’ ಅನ್ನಿ. ಪಿನ್ ಬದಲಿಸಿ. ಮನೆ ಖರ್ಚಿಗೆ ಇಷ್ಟು ಎಂದು ಗೊತ್ತುಮಾಡಿ, ಪಿಂಚಣಿ ಬಂದ ಮರುದಿನ ಸೊಸೆಯ ಕೈಗೇ ಕೊಡಿ. ಅಡುಗೆಮನೆ ನಡೆಸುವವಳು ಆಕೆ, ನಿಮ್ಮ ರೊಟ್ಟಿ ಬಡಿಯುವವಳೂ ಆಕೆಯೇ.

ಬೆಂಗಳೂರಿಗೆ ಹೋಗಬಹುದು, ಆದರೆ ಮಾರಿ ಹೋಗುವುದು ಬೇಡ. ಏಪ್ರಿಲ್-ಮೇ ಬಿಸಿಲಲ್ಲಿ ಮೂರು ವಾರ ಇದ್ದು ನೋಡಿ. ಸಿಂಧನೂರಿಗೆ ಈಗ ರೈಲೂ ಬಂದಿದೆ. ಮೊದಲ ವಾರ ಎಲ್ಲರಿಗೂ ಸಂಭ್ರಮ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ವಾರ ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಸಂಜೆಯ ತನಕ ಯಾರೊಂದಿಗೆ ಮಾತಾಡಿದಿರಿ ಎಂದು ಗಮನಿಸಿ. ಮರುವರ್ಷ ಇನ್ನೊಮ್ಮೆ ಇದ್ದುಬಂದು ಆಮೇಲೆ ಯೋಚಿಸಿ.

ಇನ್ನು ನಿದ್ದೆ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಿದರೆ ರಾತ್ರಿ ಮೂರಕ್ಕೆ ಎಚ್ಚರವಾಗುವುದು ಆಶ್ಚರ್ಯವಲ್ಲ. ಜೊತೆಗೆ ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಎರಡು ವಾರ ದಾಟಿದ್ದರೆ ಅದು ಮುಪ್ಪಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಸಕ್ಕರೆ, ಥೈರಾಯ್ಡ್, ಬಿ12 ಪರೀಕ್ಷೆಯನ್ನೂ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರಕ್ಕೂ.

ಹಗಲಿಗೆ ಒಂದು ಕೆಲಸ ಬೇಕು. ನಮ್ಮ ಸೂಚನೆ: ಮಗನ ಹೊಲದ ಲೆಕ್ಕ ಬರೆಯಿರಿ. ಗೊಬ್ಬರದಂಗಡಿಯ ಉದ್ರಿ, ಅದರ ಬಡ್ಡಿ, ನಾಟಿಯ ಕೂಲಿ, ಕಟಾವು ಯಂತ್ರದ ಗಂಟೆ, ತೂಕದ ಚೀಟಿ, ಎಲ್ಲವೂ ತಾರೀಖು ಹಾಕಿ ಒಂದೇ ಪುಸ್ತಕದಲ್ಲಿ. ಭತ್ತದ ಸೀಮೆಯಲ್ಲಿ ಎಷ್ಟೋ ರೈತರಿಗೆ ಅಂಗಡಿಯವನು ಹೇಳಿದ್ದೇ ಲೆಕ್ಕ. ನಲವತ್ತು ವರ್ಷದ ಬೇಸಾಯಗಾರನಿಗೂ ಕಾಣದ ಸೋರಿಕೆ ಮಗ್ಗಿ ಕಲಿಸಿದವರ ಕಣ್ಣಿಗೆ ಕಾಣುತ್ತದೆ. ಲೆಕ್ಕ ಮಾತ್ರ ಬರೆಯಿರಿ, ಯಾವ ತಳಿ, ಎಷ್ಟು ಗೊಬ್ಬರ ಎಂದು ಅವನು ಕೇಳದೆ ಹೇಳಬೇಡಿ. ಹೇಳಿದ ದಿನವೇ ಪುಸ್ತಕ ಮುಚ್ಚುತ್ತದೆ.

ಇದನ್ನೆಲ್ಲ ಮಕ್ಕಳಿಗೆ ಬೇರೆ ಬೇರೆ ದಿನ ಹೇಳಬೇಡಿ. ಮೂವರನ್ನೂ ಒಂದೇ ದಿನ ಮನೆಗೆ ಕರೆಸಿ, ಕಾಗದ ಮುಂದಿಟ್ಟುಕೊಂಡು ಒಂದೇ ಮಾತು ಹೇಳಿ. ಫೋನು ಮೊದಲು ಕೊಪ್ಪಳಕ್ಕೆ ಹೋಗಲಿ.