ಬೀದಿ ಬದುಕು ಬರೆಯೋಕೆ ಅಲೆಯಲೇಬೇಕಾ?

ಜೋಳಿಗೆ ಹಾಕಿಕೊಂಡು ದಿನಾ ಊರೆಲ್ಲ ಸುತ್ತುತ್ತೀನಿ, ಬರೆದದ್ದು ಮಾತ್ರ ಸಪ್ಪೆ, ಯಾಕೆ ಅಂತ ಕೇಳಿದ್ದೀರಿ. ಸುತ್ತಾಟ ಜಾಸ್ತಿಯಾಗಿದೆ ಅನ್ನಿಸುತ್ತೆ. ಒಂದು ಕಡೆ ಕೂತು ನೋಡಿ.

ಪ್ಯಾರಿಸ್ಸಿನ ಲೇಖಕ ಜಾರ್ಜ್ ಪೆರೆಕ್ ಮಾಡಿದ್ದು ಅದನ್ನೇ. 1974ರ ಅಕ್ಟೋಬರ್ 18ರಿಂದ ಮೂರು ದಿನ ಸ್ಯಾಂ ಸುಲ್ಪೀಸ್ ಚೌಕದ ಕೆಫೆಗಳಲ್ಲಿ ಕೂತು ಕಂಡದ್ದೆಲ್ಲ ಗೀಚಿಕೊಂಡ. ಅಲ್ಲಿನ ಚರ್ಚು, ಕಾರಂಜಿಯ ವರ್ಣನೆ ಆಗಲೇ ಬೇಕಾದಷ್ಟಿತ್ತು. ಅವನಿಗೆ ಬೇಕಿದ್ದದ್ದು ಯಾರೂ ಲೆಕ್ಕಕ್ಕೆ ಹಿಡಿಯದ್ದು. ಮೊದಲು ತಾರೀಖು, ಗಂಟೆ, ಜಾಗ, ಹವೆ. ಆಮೇಲೆ ಪಾರಿವಾಳ, ಚೀಲ ಹಿಡಿದವರು, 63, 70, 96ನೇ ನಂಬರಿನ ಬಸ್ಸು. ಬಸ್ಸು ಯಾಕೆ ಅಂದರೆ, ಸುತ್ತಲಿನ ಗದ್ದಲದಲ್ಲಿ ಹೊತ್ತಿಗೆ ಸರಿಯಾಗಿ ಬರೋದು ಅದು. ಉಳಿದದ್ದಕ್ಕೆಲ್ಲ ಅದೇ ತಾಳ.

ಬೆಂಗಳೂರಲ್ಲಾದರೆ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿಗೆ ಬೆಳಿಗ್ಗೆ ಐದಕ್ಕೇ ಹೋಗಿ. ಮೂಟೆ ಹೊರುವವರ ದಾರಿ ಬಿಟ್ಟು ಗೋಡೆಗೆ ಒರಗಿ. ಜೇಬಿಗೆ ಹಿಡಿಸೋ ಪುಸ್ತಕ, ಬಾಲ್ ಪೆನ್ನು ಸಾಕು. ಇಂಕ್ ಪೆನ್ನಾದರೆ ಹೂವಿಗೆ ಚಿಮುಕಿಸೋ ನೀರು ಬಿದ್ದು ಅಕ್ಷರ ಹರಡುತ್ತೆ. ಹತ್ತು ನಿಮಿಷಕ್ಕೊಮ್ಮೆ ಅಂಚಿನಲ್ಲಿ ಟೈಮು ಹಾಕಿ. ನಲವತ್ತು ನಿಮಿಷ ಆದಮೇಲೆ ಎದ್ದು ಒಂದು ಟೀ ಕುಡಿಯಿರಿ, ದಣಿದ ಕಣ್ಣು ಜಗಳ, ಬಣ್ಣದ ಸೀರೆ ಬಿಟ್ಟು ಬೇರೇನೂ ನೋಡಲ್ಲ. ಮೊಬೈಲ್ ಹೊರಗೆ ತೆಗೀಬೇಡಿ. ಕ್ಯಾಮೆರಾ ಕಂಡ ತಕ್ಷಣ ಅಂಗಡಿಯವರು ಒಂದೋ ನಗ್ತಾರೆ, ಇಲ್ಲ ಕಾರ್ಪೊರೇಷನ್ನಿನವರು ಅಂತ ಗುಮಾನಿ ಪಡ್ತಾರೆ.

ಎಲ್ಲರೂ ಎಡವೋದು ವಿಶೇಷಣದಲ್ಲಿ. ‘ಹೂ ಮಾರುವ ಬಡ ಮುದುಕಿ’ ಅಂತ ಬರೆದರೆ ‘ಬಡ’ ಅನ್ನೋದು ನಿಮ್ಮ ತೀರ್ಪು, ಕಂಡದ್ದಲ್ಲ. ಕನಕಾಂಬರವನ್ನು ಮೊಣಕೈಯಿಂದ ನಡುಬೆರಳ ತುದಿವರೆಗೆ ಎಳೆದು ಮೊಳ ಹಾಕುವಾಗ ಬೆರಳು ಚಾಚಿದಳಾ, ಮಡಚಿದಳಾ? ಕತ್ತರಿಸುವ ಮುಂಚೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟಳಾ? ಯಾವ ಗಿರಾಕಿಗೆ ಬಿಟ್ಟಳು? ಅಷ್ಟು ಬರೆದರೆ ಅವಳ ವ್ಯಾಪಾರ ಹೇಗಿದೆ ಅಂತ ಓದುವವರಿಗೇ ಗೊತ್ತಾಗುತ್ತೆ.

ಮಾತು ಕಿವಿಗೆ ಬಿದ್ದಾಗಲೇ ಬರ್ಕೊಳ್ಳಿ. ‘ಏನಕ್ಕಾ, ಇದೊಂದು ಮೊಳಾನಾ?’ ಅನ್ನೋದು ಸಂಜೆ ಹೊತ್ತಿಗೆ ನೆನಪಲ್ಲಿ ಪಠ್ಯಪುಸ್ತಕದ ಕನ್ನಡ ಆಗಿರುತ್ತೆ. ಟಿಪ್ಪಣಿಯನ್ನು ಅವತ್ತೇ ಬಿಡಿಸಿ ಬರೀರಿ. ಎರಡು ದಿನ ಬಿಟ್ಟರೆ ನಿಮ್ಮ ಗೀಚು ನಿಮಗೇ ಅರ್ಥವಾಗಲ್ಲ.

ಮಾರನೇ ದಿನ ಅದೇ ಗೋಡೆ, ಅದೇ ಐದು ಗಂಟೆ. ಹೊಸ ಜಾಗ ಹುಡುಕಬೇಡಿ, ನಿನ್ನೆ ಇಲ್ಲದ್ದು ಏನಿದೆ ನೋಡಿ. ಬಾಳೆಲೆ ಕಟ್ಟು ಇದ್ದ ಕಡೆ ಬೂದುಗುಂಬಳದ ರಾಶಿ ಬಿದ್ದಿದ್ದರೆ ಅಮಾವಾಸ್ಯೆ ಹತ್ತಿರ ಬಂದಿದೆ ಅಂತ ಲೆಕ್ಕ. ರಾಶಿಯನ್ನು ಬರೀರಿ, ಅಮಾವಾಸ್ಯೆ ಅಂತ ಬರೀಬೇಡಿ.