ಹೊರಗಿನ ಸೌದೆ ಬಾಯ್ಲರ್: ಮಳೆಗಾಲದ ತೊಂದರೆಗಳು

ಪ್ರಶ್ನೆ: ಮನೆಯಿಂದ 40 ಅಡಿ ದೂರದ ಶೆಡ್ಡಿನಲ್ಲಿ ಸೌದೆ ಬಾಯ್ಲರ್ ಇಟ್ಟು, ನೆಲದಡಿ ಪೈಪ್ ಎಳೆದು ಎರಡು ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರಿಗೆ ಬಿಸಿನೀರು ಕೊಟ್ಟಿದ್ದೇವೆ. ಡಿಸೆಂಬರ್ ಚಳಿಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಸೌದೆ ದುಪ್ಪಟ್ಟು ಬೇಕಾಗುತ್ತಿದೆ, ಬೆಂಕಿ ಬಾಗಿಲಿನ ಅಂಚಿನಿಂದ ಡಾಂಬರಿನಂಥ ರಸ ಸೋರುತ್ತಿದೆ. ಬಾಯ್ಲರ್ ಕೆಟ್ಟಿದೆಯೇ?
– ಸೋಮವಾರಪೇಟೆಯ ಓದುಗರು

ಉತ್ತರ: ಬಾಯ್ಲರ್ ಬಿಚ್ಚುವ ಮೊದಲು ಸೌದೆ ಮತ್ತು ಪೈಪ್ ನೋಡಿ. ನೂರಕ್ಕೆ 20ರಷ್ಟು ತೇವ ಉಳಿದ ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಕಿಲೋವ್ಯಾಟ್-ಗಂಟೆ) ಶಾಖವಿರುತ್ತದೆ. ಅರ್ಧಕ್ಕರ್ಧ ನೀರಿರುವ ಹಸಿ ಸೌದೆಯಲ್ಲಿ ಸಿಗುವುದು 2 ಯೂನಿಟ್ಟಿಗೆ ಸ್ವಲ್ಪ ಮೇಲೆ, ಅಷ್ಟೇ. ಮೇ ತಿಂಗಳ ಮರಕಪಾತಿನಲ್ಲಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವಾಗ) ಬಿದ್ದ ಕೊಂಬೆಯನ್ನು ಜೂನ್‌ನಲ್ಲೇ ಉರಿಸಿದರೆ ಆಗುವುದು ಇದೇ. ಅದರ ಆವಿ ಮತ್ತು ಹೊಗೆ, ಹಿಂದೆ ನೀರಿರುವ ತಣ್ಣನೆಯ ಕಬ್ಬಿಣದ ಗೋಡೆಗೆ ತಾಗಿ ಕಪ್ಪು ರಸವಾಗಿ ಇಳಿಯುತ್ತವೆ. ಆ ರಸ ಆಮ್ಲೀಯ, ಕಬ್ಬಿಣವನ್ನು ತಿನ್ನುತ್ತದೆ. ಚಿಮಣಿಯಲ್ಲಿ ಗಟ್ಟಿಯಾದರೆ ಒಂದು ದಿನ ಅದಕ್ಕೇ ಬೆಂಕಿ ಹಿಡಿಯಬಹುದು. ಈಗಲೇ ಕೆರೆದು ತೆಗೆಯಿರಿ.

ಮುಂದಿನ ಮಳೆಗಾಲದ ಸೌದೆಯನ್ನು ಜನವರಿ–ಫೆಬ್ರವರಿಯಲ್ಲೇ ಕಡಿದು, ಸೀಳಿ, ಬಿಸಿಲಿಗೆ ಒಟ್ಟಿಡಿ. ಸೀಳದ ದಿಮ್ಮಿ ತೊಗಟೆಯೊಳಗೆ ತೇವ ಹಿಡಿದುಕೊಂಡೇ ಇರುತ್ತದೆ. ತೇವದ ಮೀಟರನ್ನು ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಒಂದು ಕೊರಡನ್ನು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ. ಮೇ ಮುಗಿಯುವುದರೊಳಗೆ ಮಾಡಿನ ಕೆಳಗೆ ಸೇರಿಸಿ. ಆದರೆ ಟಾರ್ಪಾಲಿನಲ್ಲಿ ಸುತ್ತಿಡಬೇಡಿ, ಬದಿಗಳಲ್ಲಿ ಗಾಳಿಯಾಡಬೇಕು. ಕಿತ್ತ ಹಳೇ ಕಾಫಿ ಗಿಡದ ಬುಡ ಎಲ್ಲಕ್ಕಿಂತ ಒಳ್ಳೆಯದು, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಪರವಾಗಿಲ್ಲ. ಹಾಲುವಾಣ ಹಸಿಯಿದ್ದಾಗ ಬರೀ ನೀರು, ಒಣಗಿದರೆ ಭರ್ರನೆ ಉರಿದು ಮುಗಿಯುತ್ತದೆ. ಬೆಂಕಿ ಹೊತ್ತಿಸುವುದಕ್ಕೆ ಸಾಕು.

ಇನ್ನು ಪೈಪ್. ಪಂಪ್ ಓಡುತ್ತಿರುವಾಗ ಬಾಯ್ಲರ್ ಬಿಡುವ ಜಾಗದಲ್ಲೂ ಮನೆಯೊಳಗೆ ಬರುವ ಜಾಗದಲ್ಲೂ ನೀರಿನ ಬಿಸಿ ಅಳೆಯಿರಿ. 40 ಅಡಿಗೆ ಒಂದು ಡಿಗ್ರಿಗಿಂತ ಕಡಿಮೆ ಇಳಿಯಬೇಕು. ಮೂರು ಡಿಗ್ರಿ ಇಳಿಯುತ್ತಿದ್ದರೆ, ನಿಮಿಷಕ್ಕೆ 10 ಲೀಟರ್ ಹರಿವಿನಲ್ಲಿ ಸುಮಾರು 2 ಕಿಲೋವ್ಯಾಟ್ ಶಾಖ ಮಣ್ಣುಪಾಲು. ಅಷ್ಟರಲ್ಲಿ ಇನ್ನೊಂದು ಕೋಣೆಯನ್ನೇ ಬೆಚ್ಚಗಿಡಬಹುದಿತ್ತು! ಪೈಪ್ ಹೂತ ಕಾಲುವೆಯಲ್ಲಿ ನೀರು ನಿಂತು ಪೈಪಿನ ಹೊದಿಕೆ ನೆನೆದಿದೆ ಎಂದು ಅರ್ಥ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನೆಲದಡಿಯ ಪೈಪನ್ನು ಒಣಗಿಸಿಡುವುದು ಕಷ್ಟ. ನಮ್ಮ ಸಲಹೆ, ಪೈಪನ್ನು ಕಂಬಗಳ ಮೇಲೆ ತಗಡಿನ ಮಾಡಿನಡಿ ತನ್ನಿ. 25 ಮಿಲಿಮೀಟರ್ ದಪ್ಪದ, ನೀರು ಹೀರದ ನೈಟ್ರೈಲ್ ಫೋಮ್ ಹಾಕಿ, ಜೋಡಣೆಗಳನ್ನು ಅಂಟಿನಿಂದ ಮುಚ್ಚಿ. ನೆಲದಡಿಯೇ ಬೇಕೆಂದರೆ 6 ಇಂಚಿನ ಪಿವಿಸಿ ಕೊಳವೆಯೊಳಗೆ ಹಾಯಿಸಿ, ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಹೊರಹೋಗಲು ದಾರಿ ಬಿಡಿ. ಬಿಸಿನೀರಿನ ಪೈಪಾಗಿ ಮಾತ್ರ ಸಾದಾ ಪಿವಿಸಿ ಬೇಡ, ಮೆತ್ತಗಾಗಿ ಬಾಗುತ್ತದೆ.

ಪ್ರಶ್ನೆ: ರಾತ್ರಿ ಪೂರ್ತಿ ಬೆಂಕಿ ಉಳಿಯಲೆಂದು ಬಾಯ್ಲರಿನ ಗಾಳಿ ಕಿಂಡಿ ಮುಚ್ಚುತ್ತೇವೆ. ಪಕ್ಕದ ಮನೆಯವರು ಹೊಗೆಗೆ ಬೈಯುತ್ತಿದ್ದಾರೆ.
– ವಿರಾಜಪೇಟೆ

ಉತ್ತರ: ಅವರ ದೂರು ನ್ಯಾಯವಾದದ್ದೇ. ಗಾಳಿ ಸಾಲದೆ ಕುಮುಲುವ ಬೆಂಕಿ ಸೌದೆಯ ಶಾಖವನ್ನೇ ಹೊಗೆ ಮಾಡಿ ಆಚೆ ಕಳಿಸುತ್ತದೆ. ಬೆಂಕಿಯನ್ನಲ್ಲ, ಬಿಸಿನೀರನ್ನು ರಾತ್ರಿಗೆ ಉಳಿಸಿ. ಹೊದಿಕೆ ಹಾಕಿದ 500 ಲೀಟರಿನ ಟ್ಯಾಂಕ್ ಒಂದನ್ನು ಬಾಯ್ಲರಿಗೂ ರೇಡಿಯೇಟರಿಗೂ ನಡುವೆ ಸೇರಿಸಿ. ಸಂಜೆ ಕಿಂಡಿ ಪೂರ್ತಿ ತೆರೆದು ಎರಡೂವರೆ ಗಂಟೆ ಜೋರಾಗಿ ಉರಿಸಿದರೆ, ಸುಮಾರು 10 ಕಿಲೋ ಒಣ ಸೌದೆಯಲ್ಲಿ ಆ ನೀರು 40ರಿಂದ 80 ಡಿಗ್ರಿಗೆ ಏರುತ್ತದೆ. ಅದು 23 ಯೂನಿಟ್ ಶಾಖ. ಎರಡು ಕೋಣೆಗೆ ಒಂದು ರಾತ್ರಿ ನಡೆಯುತ್ತದೆ. ಹೆಂಚಿನ ಮಾಡಿನ ಕೆಳಗೆ ಸೀಲಿಂಗ್ ಇಲ್ಲದಿದ್ದರೆ ಈ ಲೆಕ್ಕ ಹಿಡಿಯಬೇಡಿ, ಬಿಸಿಯೆಲ್ಲ ಹೆಂಚಿನ ಸಂದಿನಲ್ಲಿ ಹೋಗುತ್ತದೆ. ಮೊದಲು ಸೀಲಿಂಗ್ ಹಾಕಿಸಿ. ಚಿಮಣಿ ಮಾಡಿನ ಮುಕುಟಕ್ಕಿಂತ ಎರಡಡಿಯಾದರೂ ಮೇಲಿರಲಿ.

ಪ್ರಶ್ನೆ: ಕರೆಂಟ್ ಹೋಗಿ ಪಂಪ್ ನಿಂತರೆ ಬಾಯ್ಲರ್ ಕುದಿಯುತ್ತದೆ. ಮೇಲಿನ ಪೈಪಿನಿಂದ ನೀರು ಉಕ್ಕುತ್ತದೆಂದು ಅಲ್ಲಿ ವಾಲ್ವ್ ಹಾಕಿಸಬಹುದೇ?
– ಮಡಿಕೇರಿ

ಉತ್ತರ: ಖಂಡಿತ ಬೇಡ. ಹಾಕಿಸಿದ್ದರೆ ಇಂದೇ ತೆಗೆಸಿ. ಆವಿ ಹೋಗಲು ಇರುವ ದಾರಿ ಅದೊಂದೇ. ಅದನ್ನು ಮುಚ್ಚಿದ ಬಾಯ್ಲರ್ ಸಿಡಿದು ಪ್ರಾಣ ತೆಗೆಯಬಲ್ಲದು. ಆ ಪೈಪ್ ಎಲ್ಲೂ ತಗ್ಗದೆ ನೇರ ಮೇಲೇರಿ ತೆರೆದ ತೊಟ್ಟಿಯ ಮೇಲೆ ಬಾಗಿರಬೇಕು. ಟ್ಯಾಂಕ್, ಬಾಯ್ಲರ್, ಪೈಪ್ ಎಲ್ಲ ಸೇರಿ 600 ಲೀಟರ್ ನೀರಿದ್ದರೆ, ಅದು ಕಾದಾಗ ಸುಮಾರು 20 ಲೀಟರ್ ಹಿಗ್ಗುತ್ತದೆ, ಹಾಗಾಗಿ 50 ಲೀಟರಿನ ತೊಟ್ಟಿ ಇಡಿ, ಅರ್ಧಕ್ಕಿಂತ ಕೆಳಗೆ ನೀರು ನಿಲ್ಲಿಸಿ. ಸಣ್ಣ ಪಂಪಿಗೆ 100 ವ್ಯಾಟ್ ಕೂಡ ಬೇಡ, ಮನೆಯ ಇನ್ವರ್ಟರಿಗೆ ಜೋಡಿಸಿ. ಕುದಿ ಶುರುವಾದರೆ ಗಾಳಿ ಕಿಂಡಿ ಮುಚ್ಚಿ ದೂರವಿರಿ. ನೀರು ಬತ್ತಿದ ಬಿಸಿ ಬಾಯ್ಲರಿಗೆ ತಣ್ಣೀರು ಬಿಡಲೇಬೇಡಿ.

ಪ್ರಶ್ನೆ: ವಿದೇಶದಲ್ಲಿ ಪೈಪಿಗೆ ಹೆಪ್ಪುಗಟ್ಟದ ದ್ರವ ತುಂಬುತ್ತಾರಂತೆ. ನಮಗೂ ಬೇಕೇ?
– ಪೊನ್ನಂಪೇಟೆ

ಉತ್ತರ: ಬೇಡ. ಕೊಡಗಿನ ಚಳಿಗೆ ಪೈಪ್ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಕಾಡುವುದು ತುಕ್ಕು. ಪದೇ ಪದೇ ಹೊಸ ನೀರು ತುಂಬಿದರೆ ಅದರ ಜೊತೆ ಬರುವ ಆಮ್ಲಜನಕ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆ ತೊಟ್ಟಿ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ, ಹುಡುಕಿ ನಿಲ್ಲಿಸಿ. ಸ್ನಾನದ ನೀರನ್ನು ಈ ಸುತ್ತಿನಿಂದ ತೆಗೆಯಬೇಡಿ. ಟ್ಯಾಂಕಿನೊಳಗೆ ತಾಮ್ರದ ಸುರುಳಿ ಇಟ್ಟು ಅದರಲ್ಲಿ ಬೇರೆ ನೀರು ಕಾಯಿಸಿ.