ತೂಕದ ಕೋಣೆಗೆ ವಿಂಡೋಸ್ 7 ಇರಲಿ, ಲೆಕ್ಕದ ಮೇಜಿಗೆ ಬೇಡ
(ಓದುಗರ ಪ್ರಶ್ನೆಗೆ ತಜ್ಞರ ಉತ್ತರ)

ಪ್ರಶ್ನೆ: ಮಾನ್ಯರೇ, ಸಿಂಧನೂರಿನಲ್ಲಿ ನಮ್ಮದು ಭತ್ತದ ದಲಾಲಿ ಅಂಗಡಿ. ಜೊತೆಗೆ ಲಾರಿ ತೂಗುವ ಸ್ವಂತ ವೇ ಬ್ರಿಡ್ಜ್ ಇದೆ. ತೂಕದ ಕೋಣೆಯಲ್ಲಿ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್ ಇದೆ. ಅಂಗಡಿಯಲ್ಲಿ 2017ರಲ್ಲಿ ಕೊಂಡ, ವಿಂಡೋಸ್ 10 ಇರುವ ಇನ್ನೊಂದು ಇದೆ. ಟ್ಯಾಲಿ, ಜಿಎಸ್‌ಟಿ, ಬ್ಯಾಂಕಿನ ವ್ಯವಹಾರವೆಲ್ಲ ಈ ಎರಡನೆಯದರಲ್ಲಿ ನಡೆಯುತ್ತದೆ. ವಿಂಡೋಸ್ 10ರ ಅವಧಿ ಮುಗಿದಿದೆ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿದೆ. 11 ಹಾಕಲು ಹೋದರೆ ಈ ಕಂಪ್ಯೂಟರ್ ಅರ್ಹವಲ್ಲ ಎನ್ನುತ್ತದೆ. ರಿಪೇರಿ ಮಾಡುವವರು ಎರಡಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡೋಣ, ಖರ್ಚಿಲ್ಲ ಎನ್ನುತ್ತಾರೆ. ನಮ್ಮ ಗುಮಾಸ್ತರು ಯಾವುದನ್ನೂ ಮುಟ್ಟುವುದು ಬೇಡ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಗುಮಾಸ್ತರ ಮಾತು ತೂಕದ ಕೋಣೆಯ ಮಟ್ಟಿಗೆ ಸರಿ, ಅಂಗಡಿಯ ಮಟ್ಟಿಗೆ ತಪ್ಪು. ರಿಪೇರಿಯವರ ಮಾತು ನಿಮ್ಮ ಎರಡು ಯಂತ್ರಗಳಲ್ಲಿ ಯಾವುದಕ್ಕೂ ಸದ್ಯಕ್ಕೆ ಒಪ್ಪುವುದಿಲ್ಲ. ಇದನ್ನು ಲಿನಕ್ಸ್ ಮೇಲಿನ ಅಸಡ್ಡೆಯಿಂದ ಹೇಳುತ್ತಿಲ್ಲ. ನಾನು ಈ ಉತ್ತರವನ್ನು ಬರೆಯುತ್ತಿರುವುದೂ ಲಿನಕ್ಸ್‌ನಲ್ಲಿಯೇ. ಆದರೆ ಕಂಪ್ಯೂಟರ್ ಮಾಡಬೇಕಾದ ಕೆಲಸ ಯಾವುದು, ಅದು ಇಂಟರ್ನೆಟ್ಟಿಗೆ ತೆರೆದುಕೊಂಡಿದೆಯೋ ಇಲ್ಲವೋ ಎಂಬ ಎರಡು ವಿಷಯಗಳನ್ನು ಮೊದಲು ನೋಡಬೇಕು. ಯಾವ ವ್ಯವಸ್ಥೆ ಎಂಬುದು ಆಮೇಲಿನ ಮಾತು.

ಅವಧಿ ಮುಗಿಯಿತು ಎಂದರೆ ಕಂಪ್ಯೂಟರ್ ನಿಲ್ಲುತ್ತದೆ ಎಂದಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಉಚಿತ ಭದ್ರತಾ ತಿದ್ದುಪಡಿಗಳು ನಿಂತವು, ಅಷ್ಟೆ. ಅಪಾಯ ಇರುವುದು ಅದರ ಮುಂದಿನ ಹಂತದಲ್ಲಿ. ಹೊಸ ವಿಂಡೋಸ್‌ನಲ್ಲಿ ಒಂದು ತೂತು ಸಿಕ್ಕಿ ಅದಕ್ಕೆ ತೇಪೆ ಹಾಕಿದಾಗ, ಆ ತೇಪೆಯನ್ನು ಬಿಡಿಸಿ ನೋಡಿದವರಿಗೆ ತೂತು ಎಲ್ಲಿತ್ತೆಂಬುದು ತಿಳಿದುಹೋಗುತ್ತದೆ. ಅದೇ ತೂತು ಹಳೆಯ ವಿಂಡೋಸ್‌ನಲ್ಲಿಯೂ ಇದ್ದರೆ ಅಲ್ಲಿ ಅದು ಶಾಶ್ವತವಾಗಿ ತೆರೆದೇ ಉಳಿಯುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ಕುತಂತ್ರಾಂಶವನ್ನು ತಡೆಯುವ ತಿದ್ದುಪಡಿ ಆ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು. ಪೆಟ್ಟು ತಿಂದವರು ಅದನ್ನು ಹಾಕಿಕೊಳ್ಳದವರು. ಅಂತಹ ಹೊಸ ತಿದ್ದುಪಡಿಯೇ ಬಾರದ ಸ್ಥಿತಿಯಲ್ಲಿ ಇಂದು ನಿಮ್ಮ ಎರಡೂ ಯಂತ್ರಗಳಿವೆ.

ಈಗ ತೂಕದ ಕೋಣೆಗೆ ಬರೋಣ. ಅಲ್ಲಿನ ಕಂಪ್ಯೂಟರ್ ಮಾಡುವುದು ಒಂದೇ ಕೆಲಸ: ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ಬರುವ ಅಂಕಿಯನ್ನು ಓದಿಕೊಂಡು, ಲಾರಿಯ ತುಂಬಿದ ತೂಕ, ಖಾಲಿ ತೂಕ, ನಿವ್ವಳ ತೂಕಗಳನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಚೀಟಿಯಾಗಿ ಹೊಡೆದುಕೊಡುವುದು. ಇಂತಹ ತಂತ್ರಾಂಶಗಳು ಬಹುಪಾಲು ಆಯಾ ಕಾಲದ ವಿಂಡೋಸ್‌ಗೆಂದೇ ಬರೆದಂಥವು. ಕೆಲವಂತೂ ತೀರಾ ಹಳೆಯ 16-ಬಿಟ್ ಕಾಲದವು. 64-ಬಿಟ್ ವಿಂಡೋಸ್‌ನಲ್ಲಿ ಅವು ತೆರೆಯುವುದೇ ಇಲ್ಲ, ವಿಂಡೋಸ್ 11 ಬರುವುದೋ 64-ಬಿಟ್‌ನಲ್ಲಿ ಮಾತ್ರ. ಹೊಸ ಕಂಪ್ಯೂಟರ್‌ಗಳಲ್ಲಿ ಸೀರಿಯಲ್ ಕೇಬಲ್ ಚುಚ್ಚುವ ಒಂಬತ್ತು ಪಿನ್ನಿನ ಸಾಕೆಟ್ಟೂ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಹಾಕಿದರೆ, ಕಸ ಗುಡಿಸುವಾಗ ಕಿತ್ತ ವೈರನ್ನು ಪಕ್ಕದ ಸಾಕೆಟ್ಟಿಗೆ ಚುಚ್ಚಿದ ಮಾತ್ರಕ್ಕೆ ವಿಂಡೋಸ್ ಅದಕ್ಕೆ ಕೊಟ್ಟ ಪೋರ್ಟಿನ ಸಂಖ್ಯೆ ಬದಲಾಗಬಹುದು, ತಂತ್ರಾಂಶ ಹಳೆಯ ಸಂಖ್ಯೆಯಲ್ಲೇ ಕಾಯುತ್ತಿರುತ್ತದೆ. ಆಗ ಇಂಡಿಕೇಟರ್‌ನಲ್ಲಿ ತೂಕ ಕಾಣುತ್ತಿರುತ್ತದೆ, ಪರದೆಯಲ್ಲಿ ಸೊನ್ನೆ ಇರುತ್ತದೆ, ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಸುಗ್ಗಿಯ ಹೊತ್ತಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಚೆನ್ನಾಗಿ ನಡೆಯುತ್ತಿರುವ ಆ ವಿಂಡೋಸ್ 7 ಯಂತ್ರವನ್ನು ಬದಲಿಸಬೇಡಿ, ಆದರೆ ಪೂರ್ತಿ ಒಂಟಿಯಾಗಿಡಿ. ಇಂಟರ್ನೆಟ್ ಬೇಡ, ಅಂಗಡಿಯ ಕಂಪ್ಯೂಟರ್‌ಗೆ ಎಳೆದ ನೆಟ್‌ವರ್ಕ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ, ವೈಫೈ ಡಾಂಗಲ್ ಇದ್ದರೆ ಕಿತ್ತು ಬೀಗ ಹಾಕಿಡಿ. ಲಾರಿ ಚಾಲಕರ ಮೊಬೈಲ್ ಚಾರ್ಜಿಗೆ ಅದರ ಯುಎಸ್‌ಬಿ ಸಾಕೆಟ್ ಕೊಡಬೇಡಿ. ತೂಕದ ವಿವರ ಅಂಗಡಿಗೆ ಬರಬೇಕಾದರೆ ಚೀಟಿಯ ಪ್ರತಿಯಿಂದ ಬರಲಿ, ಅದು ಆಗದಿದ್ದರೆ ಆ ಕೆಲಸಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ.

ಮುಟ್ಟಬಾರದು ಎನ್ನುವುದಕ್ಕೂ ಒಂದು ಮಿತಿ ಇದೆ. ಆ ಯಂತ್ರದ ಹಾರ್ಡ್ ಡಿಸ್ಕ್ ಎಷ್ಟು ಹಳೆಯದು? ರಾಯಚೂರು ಜಿಲ್ಲೆಯ ಒಂದು ಅಕ್ಕಿ ಗಿರಣಿಯವರು ಒಂದು ಮೇ ತಿಂಗಳಲ್ಲಿ ನನ್ನನ್ನು ಕರೆಸಿದ್ದರು. ತಗಡಿನ ಮಾಡಿನ ಕೋಣೆ, ಭತ್ತದ ಹೊಟ್ಟಿನ ಧೂಳು ಒಳಗಿನ ಫ್ಯಾನಿಗೆ ಕಂಬಳಿಯ ಹಾಗೆ ಸುತ್ತಿಕೊಂಡಿತ್ತು, ಡಿಸ್ಕ್ ಕಟಕಟ ಎನ್ನುತ್ತಿತ್ತು. ತಂತ್ರಾಂಶ ಹಾಕಿಕೊಟ್ಟವರ ವಿಳಾಸವೇ ಸಿಗಲಿಲ್ಲ, ಸಿಡಿಯೂ ಇರಲಿಲ್ಲ. ಎರಡು ದಿನ ಕೈಬರಹದ ಚೀಟಿಯಲ್ಲಿ ವ್ಯವಹಾರ ನಡೆಯಿತು. ನೀವು ಈ ವಾರವೇ ಆ ಡಿಸ್ಕಿನ ಸಂಪೂರ್ಣ ಪ್ರತಿಯನ್ನು, ಅಂದರೆ ವಿಂಡೋಸ್, ತೂಕದ ತಂತ್ರಾಂಶ, ಅದರ ಸೆಟ್ಟಿಂಗ್ ಎಲ್ಲವೂ ಸೇರಿದ ಇಮೇಜನ್ನು, ಒಂದು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತೆಗೆಸಿ, ಆ ಎಸ್‌ಎಸ್‌ಡಿಯಿಂದಲೇ ಯಂತ್ರ ಶುರುವಾಗಿ ಚೀಟಿ ಬರುವುದನ್ನು ನೋಡಿ, ಹಳೆಯ ಡಿಸ್ಕನ್ನು ಜೋಪಾನವಾಗಿಡಿ. ನಿಮ್ಮ ರಿಪೇರಿಯವರು ಕ್ಲೋನಿಂಗ್ ಎಂದರೆ ತಿಳಿದುಕೊಳ್ಳುತ್ತಾರೆ. ಇನ್ನೊಂದು ಸಣ್ಣ ವಿಷಯ: ಇಂಟರ್ನೆಟ್ ಇಲ್ಲದ ಕಂಪ್ಯೂಟರ್ ತನ್ನ ಗಡಿಯಾರವನ್ನು ತಾನೇ ಸರಿಪಡಿಸಿಕೊಳ್ಳಲಾರದು, ಮದರ್‌ಬೋರ್ಡಿನಲ್ಲಿರುವ ನಾಣ್ಯದಂತಹ ಸಿಆರ್2032 ಬ್ಯಾಟರಿ ಸತ್ತರೆ ಕರೆಂಟ್ ಹೋಗಿ ಬಂದ ಮೇಲೆ ಚೀಟಿಯಲ್ಲಿ ತಪ್ಪು ತಾರೀಖು ಬೀಳುತ್ತದೆ. ಅದನ್ನೂ ಬದಲಿಸಿಬಿಡಿ.

ಲೆಕ್ಕದ ಕಂಪ್ಯೂಟರ್‌ನ ಸಂಗತಿಯೇ ಬೇರೆ. ಅದು ದಿನವಿಡೀ ಹೊರಜಗತ್ತಿನೊಡನೆ ಮಾತಾಡುತ್ತದೆ, ರೈತರ ಮತ್ತು ನಿಮ್ಮ ಹಣ ಅದರ ಮೂಲಕ ಓಡಾಡುತ್ತದೆ. ಅದಕ್ಕೆ ತಿದ್ದುಪಡಿ ಬರುವ ವ್ಯವಸ್ಥೆಯೇ ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಿ ಎಂದು ನಾನು ಹೇಳಲಾರೆ. ವಿಂಡೋಸ್ 11 ಸ್ಥೂಲವಾಗಿ ಇಂಟೆಲ್‌ನ 8ನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ, ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ, ಶುರುವಾಗುವಾಗಲೇ ಕುತಂತ್ರಾಂಶ ನುಸುಳದಂತೆ ತಡೆಯುವ ಸೆಕ್ಯೂರ್ ಬೂಟ್ ಸೌಲಭ್ಯವನ್ನೂ ಕೇಳುತ್ತದೆ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವ ಹೊತ್ತಿನ ಮೂಲ ಸೆಟ್ಟಿಂಗ್) ಬಂದ್ ಮಾಡಿಟ್ಟಿರುತ್ತಾರೆ, ಆದ್ದರಿಂದ ಅರ್ಹವಲ್ಲ ಎಂಬ ಉತ್ತರ ಬಂದ ಕೂಡಲೇ ನಂಬದೆ, ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಓಡಿಸಿ ಕೊರತೆ ಯಾವುದೆಂದು ನೋಡಿ. ಟಿಪಿಎಂ ಒಂದೇ ಎಂದರೆ ಬಯಾಸ್‌ನಲ್ಲಿ ಚಾಲೂ ಮಾಡಿದರೆ ಸಾಕು, ವಿಂಡೋಸ್ 10ರಿಂದ 11ಕ್ಕೆ ಹೋಗಲು ಹಣವಿಲ್ಲ. ಪ್ರೊಸೆಸರೇ ಹಳೆಯದು ಎಂದರೆ, ತಪಾಸಣೆಯನ್ನು ತಪ್ಪಿಸಿ 11 ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅಂತಹ ಯಂತ್ರಗಳಿಗೆ ಮುಂದೆ ತಿದ್ದುಪಡಿ ಬರುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಹಾಗಾದರೆ ನೀವು ಹೊರಟ ಉದ್ದೇಶವೇ ಈಡೇರುವುದಿಲ್ಲ.

ಮನೆಬಳಕೆಯ ವಿಂಡೋಸ್ 10 ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ತಿದ್ದುಪಡಿ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಇಟ್ಟರೆ ಅದು ಹಣವಿಲ್ಲದೆ ಸಿಗುತ್ತದೆ, ಇಲ್ಲವಾದರೆ 30 ಡಾಲರ್. ವ್ಯಾಪಾರ ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ಹಿಂದಿನ ವರ್ಷದ ದುಪ್ಪಟ್ಟು. ಎಂಟು ಒಂಬತ್ತು ವರ್ಷದ ಯಂತ್ರಕ್ಕೆ ಈ ಹಣ ಸುರಿಯುವುದಕ್ಕಿಂತ ಹೊಸದನ್ನು, ಅಥವಾ 8ನೆಯ ಪೀಳಿಗೆಗಿಂತ ಈಚಿನ ಒಳ್ಳೆಯ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪನ್ನು ಕೊಳ್ಳುವುದು ಲಾಭ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಒಂದು ಯುಪಿಎಸ್ ಇರಲಿ.

ಲಿನಕ್ಸ್ ಇಲ್ಲಿ ಏಕೆ ಬೇಡ ಎಂದರೆ, ಟ್ಯಾಲಿ ವಿಂಡೋಸ್‌ಗಾಗಿ ಬರುವ ತಂತ್ರಾಂಶ. ವೈನ್‌ನಂತಹ ಸಾಧನಗಳ ಮೂಲಕ ಅದನ್ನು ಲಿನಕ್ಸ್‌ನಲ್ಲಿ ಓಡಿಸಿದವರಿದ್ದಾರೆ, ಆದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಅದು ಕೈಕೊಟ್ಟರೆ ಸಹಾಯ ಮಾಡುವ ಜನ ಸಿಂಧನೂರಿನಲ್ಲಿ ಸುಲಭಕ್ಕೆ ಸಿಗಲಾರರು. ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಡ್ರೈವರ್‌ನದು ಇನ್ನೊಂದು ತಲೆನೋವು. ಹೊಸ ಯಂತ್ರ ಬಂದ ಮೇಲೆ ಆ 2017ರ ಕಂಪ್ಯೂಟರ್‌ಗೆ ಅಗತ್ಯವಾಗಿ ಲಿನಕ್ಸ್ ಹಾಕಿಸಿ ಮನೆಯ ಮಕ್ಕಳಿಗೆ ಕೊಡಿ. ಅಲ್ಲಿ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ.

ಪ್ರಶ್ನೆ: ಕೊಪ್ಪಳದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಮದುವೆ ಕಾರ್ಡು, ಕರಪತ್ರ, ಅರ್ಜಿಗಳ ಕೆಲಸ. ಪೇಜ್‌ಮೇಕರ್ ಮತ್ತು ನುಡಿ ತಂತ್ರಾಂಶದಲ್ಲಿ ಹದಿನೈದು ವರ್ಷದ ಫೈಲುಗಳಿವೆ. ಕದ್ದ ತಂತ್ರಾಂಶದ ಸಹವಾಸ ಸಾಕು, ಲಿನಕ್ಸ್‌ಗೆ ಹೋಗೋಣ ಎಂದು ಮನಸ್ಸಾಗಿದೆ. ಕನ್ನಡ ಅಲ್ಲಿ ನಡೆಯುತ್ತದೆಯೇ?

ಉತ್ತರ: ನಿಮ್ಮ ಮನಸ್ಸಿಗೆ ಮೊದಲು ಅಭಿನಂದನೆ. ಕನ್ನಡ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಬೆರಳಿಗೆ ಪಳಗಿರುವ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆ ಕಗಪ ಎಂಬ ಹೆಸರಿನಲ್ಲಿ ಅಲ್ಲಿ ಸಿದ್ಧವಾಗಿದೆ, ಆಯ್ಕೆ ಮಾಡಿಕೊಂಡರೆ ಸಾಕು. ತೊಡಕಿರುವುದು ಹಳೆಯ ಫೈಲುಗಳಲ್ಲಿ. ಆ ಕಾಲದ ನುಡಿ ಅಕ್ಷರಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರಸಂಕೇತ, ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಆಸ್ಕಿ ಫಾಂಟ್‌ಗಳು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ‘ಶುಭವಿವಾಹ’ದ ಜಾಗದಲ್ಲಿ ಗೆರೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕದಿಂದ ಪಠ್ಯ ಯೂನಿಕೋಡ್‌ಗೆ ಬರುತ್ತದೆ, ಆದರೆ ಪುಟದ ಜೋಡಣೆ ಬರುವುದಿಲ್ಲ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ಕಣ್ಣಾಡಿಸಿ ನೋಡಬೇಕಾಗುತ್ತದೆ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದನ್ನು ನಂಬಿ ಇನ್ನೂ ಹದಿನೈದು ವರ್ಷ ದುಡಿಯಲಾಗದು. ಆದ್ದರಿಂದ ಹಳೆಯ ಯಂತ್ರವನ್ನು, ಮೇಲಿನ ತೂಕದ ಕಂಪ್ಯೂಟರ್‌ನಂತೆ, ಇಂಟರ್ನೆಟ್ ಇಲ್ಲದೆ ಹಳೆಯ ಫೈಲು ತೆರೆಯಲೆಂದೇ ಉಳಿಸಿಕೊಳ್ಳಿ. ಇನ್ನೊಂದರಲ್ಲಿ ಲಿನಕ್ಸ್ ಹಾಕಿ, ಈಗಿನಿಂದ ಬರುವ ಹೊಸ ಕೆಲಸಗಳನ್ನು ಯೂನಿಕೋಡ್‌ನಲ್ಲಿ, ಅರ್ಜಿಗಳನ್ನು ಲಿಬ್ರೆಆಫೀಸ್‌ನಲ್ಲಿ, ಕಾರ್ಡುಗಳನ್ನು ಇಂಕ್‌ಸ್ಕೇಪ್ ಅಥವಾ ಸ್ಕ್ರೈಬಸ್‌ನಲ್ಲಿ ಮಾಡಲು ರೂಢಿಸಿಕೊಳ್ಳಿ. ಸ್ಕ್ರೈಬಸ್‌ನ 1.4ರ ಸಾಲಿನ ಹಳೆಯ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಒಡೆದು ಹಾಕುತ್ತಿದ್ದವು, 1.6 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಮದುವೆ ಸೀಸನ್ ಮುಗಿಯುವವರೆಗೆ ಯಂತ್ರ ಬದಲಿಸಲು ಕೈಹಾಕಬೇಡಿ. ನಿಮ್ಮ ಲೇಸರ್ ಪ್ರಿಂಟರ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಿ, ಏಕೆಂದರೆ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕೆಲವು ಹಳೆಯ ಮಾದರಿಗಳು ಅಲ್ಲಿ ಬಹಳ ಸತಾಯಿಸುತ್ತವೆ.

ಪ್ರಶ್ನೆ: ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಮಗಳು ಎಂಜಿನಿಯರಿಂಗ್ ಮೊದಲ ವರ್ಷ. ಮನೆಯಲ್ಲಿರುವುದು 6ನೆಯ ಪೀಳಿಗೆಯ ಐ3 ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ತೆರೆಯಲು ಐದು ನಿಮಿಷ ಹಿಡಿಯುತ್ತದೆ. ಹೊಸದು ಕೊಳ್ಳಲೇಬೇಕೇ?

ಉತ್ತರ: ಬೇಡ, ಈ ವರ್ಷವಂತೂ ಬೇಡ. ಐದು ನಿಮಿಷ ಹಿಡಿಯಲು ಮುಖ್ಯ ಕಾರಣ ತಿರುಗುವ ಹಾರ್ಡ್ ಡಿಸ್ಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ, ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿ. ಮಿಂಟ್‌ನ 22ರ ಸಾಲಿನ ಆವೃತ್ತಿಗಳಿಗೆ 2029ರವರೆಗೆ ತಿದ್ದುಪಡಿ ಬರುತ್ತದೆ, ಅಷ್ಟರಲ್ಲಿ ಮಗಳ ಓದು ಬಹುಪಾಲು ಮುಗಿದಿರುತ್ತದೆ. ಸಿ ಮತ್ತು ಪೈಥಾನ್ ಕಲಿಯಲು ಬೇಕಾದದ್ದೆಲ್ಲ ಅಲ್ಲಿ ಹಣವಿಲ್ಲದೆ ಸಿಗುತ್ತದೆ. ಹಾಕುವ ಮುನ್ನ ಅದನ್ನು ಪೆನ್‌ಡ್ರೈವಿನಿಂದಲೇ ಶುರುಮಾಡಿ, ವೈಫೈ, ಧ್ವನಿ, ಕ್ಯಾಮೆರಾ ಮೂರೂ ಕೆಲಸ ಮಾಡುವುದನ್ನು ಮಗಳೇ ನೋಡಲಿ. ಈ ಪರೀಕ್ಷೆಯಿಂದ ಈಗಿರುವ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಮುಂದಿನ ವರ್ಷಗಳಲ್ಲಿ ಆಟೋಕ್ಯಾಡ್‌ನಂತಹ ವಿಂಡೋಸ್ ತಂತ್ರಾಂಶ ಬೇಕಾಗುವ ಶಾಖೆಯನ್ನು ಅವರು ಆರಿಸಿಕೊಂಡಿದ್ದರೆ ಕಾಲೇಜಿನಲ್ಲಿ ವಿಚಾರಿಸಿ, ಹೊಸ ಲ್ಯಾಪ್‌ಟಾಪಿನ ಹಣವನ್ನು ಆ ಹೊತ್ತಿಗೆಂದು ಕೂಡಿಡಿ.